ಓಲಗ, ಆರ್ಕೆಸ್ಟ್ರಾ ಮತ್ತು ಕೊನೆಯ ಕಂತು

ಮದುವೆ ಖರ್ಚಿನ ಪಟ್ಟಿ ಬರೆಯಲು ಕೂತರೆ ಮೊದಲ ಸಾಲು ಛತ್ರ, ಎರಡನೆಯದು ಅಡುಗೆ, ಆಮೇಲೆ ಒಡವೆ, ಸೀರೆ, ಫೋಟೊ. ಓಲಗ ಮತ್ತು ಆರತಕ್ಷತೆಯ ಹಾಡಿಗೆ ಜಾಗ ಸಿಗುವುದು ತಳದಲ್ಲಿ. ಎಷ್ಟೋ ಮನೆಗಳಲ್ಲಿ ಅವು ‘ಇತರೆ’ ಎಂಬ ಸಾಲಿನೊಳಗೇ ಸೇರಿಹೋಗುತ್ತವೆ. ಮೊತ್ತ ನೋಡಿದರೆ ಅದರಲ್ಲಿ ತಪ್ಪಿಲ್ಲ. ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಅಣ್ಣನ ಇಬ್ಬರು ಹೆಣ್ಣುಮಕ್ಕಳ ಮದುವೆಗೂ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಎರಡರಲ್ಲೂ ಸಂಗೀತಕ್ಕೆ ಹೋದದ್ದು ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಆದರೆ ಆ ದಿನ ಸಭೆಯ ಎದುರಿಗೇ ಕೆಡಬಹುದಾದ ಬಾಬತ್ತು ಇದೊಂದೇ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಆ ಪಂಕ್ತಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ, ಮೈಕು ನಿಂತರೆ ನೆರೆದವರಿಗೆಲ್ಲ ಗೊತ್ತಾಗುತ್ತದೆ.

ದೊಡ್ಡ ಹೆಸರಿನ ತಂಡ ಕರೆಸಿದರೆ ಈ ಭಯ ತಪ್ಪುತ್ತದೆ ಎಂದು ಬಹಳ ಜನ ನಂಬುತ್ತಾರೆ. ನಾನು ಕಂಡಂತೆ ಹಾಗಲ್ಲ. ಹಾಡುವವರಿಗೆ ಹಾಡಲು ಬರುತ್ತದೆ, ಛತ್ರದವರಿಗೆ ಛತ್ರ ನಡೆಸಲು ಬರುತ್ತದೆ. ಎಡವಟ್ಟು ಆಗುವುದು ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಜಾಗದಲ್ಲಿ. ಛತ್ರ, ಡೆಕೊರೇಷನ್, ಸೌಂಡ್, ಫೋಟೊ, ಓಲಗ, ಪುರೋಹಿತರು ಎಲ್ಲರ ಜೊತೆಗೂ ನಾವು ಬೇರೆ ಬೇರೆಯಾಗಿ ಮಾತಾಡಿರುತ್ತೇವೆ. ಅವರವರ ನಡುವೆ ಮಾತಾಗಿರುವುದಿಲ್ಲ. ಆ ಸಂದಿಗೆ ಪಟ್ಟಿಯಲ್ಲಿ ಒಂದು ರೂಪಾಯಿಯೂ ಇರುವುದಿಲ್ಲ.

ಅಣ್ಣನ ದೊಡ್ಡ ಮಗಳ ಆರತಕ್ಷತೆ ನಮ್ಮ ಸುತ್ತಿನದೇ ಒಂದು ಛತ್ರದಲ್ಲಿ, ಬೆಂಗಳೂರಿನ ವಾಡಿಕೆಯಂತೆ ಮುಹೂರ್ತದ ಹಿಂದಿನ ಸಂಜೆ. ಆರ್ಕೆಸ್ಟ್ರಾ ಮೂರನೇ ಹಾಡಿಗೆ ಬಂದಾಗ ಕರೆಂಟು ಹೋಯಿತು. ಜನರೇಟರ್ ತಕ್ಷಣ ಹತ್ತಿಕೊಂಡಿತು. ಊಟದ ಮನೆಗೆ ಬೆಳಕು ಬಂತು, ಲಿಫ್ಟ್ ಓಡಿತು, ವೇದಿಕೆ ಮಾತ್ರ ಕತ್ತಲಲ್ಲೇ ಉಳಿಯಿತು. ‘ಡಿಜಿ ಲೈನ್ ಸ್ಟೇಜ್‌ಗೆ ಇಲ್ಲ ಮೇಡಂ, ಅಗ್ರಿಮೆಂಟ್‌ನಲ್ಲೇ ಹಾಕಿದೀವಿ’ ಎಂದರು ಮ್ಯಾನೇಜರ್. ‘ಪವರ್ ಪಾರ್ಟಿ ಕಡೆಯಿಂದ ಅಂತ ಕೊಟೇಷನ್‌ನಲ್ಲೇ ಬರೆದಿದೀವಿ ಮೇಡಂ’ ಎಂದರು ಆರ್ಕೆಸ್ಟ್ರಾದವರು. ಎರಡು ಕಾಗದದಲ್ಲೂ ಆ ಸಾಲು ನಿಜಕ್ಕೂ ಇತ್ತು. ಹೆಣ್ಣುಗಂಡು ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಕೈಮುಗಿಯುತ್ತ ನಿಂತಿದ್ದರು. ಮೆಟ್ಟಿಲವರೆಗೂ ಸಾಲು ಬೆಳೆಯಿತು.

ಆ ಹೊತ್ತಿನಲ್ಲಿ ಮಾನ ಉಳಿಸಿದವರು ಓಲಗದವರು. ವರಪೂಜೆಗೆ ನುಡಿಸಿ, ಬೆಳಗಿನ ಮುಹೂರ್ತಕ್ಕೆಂದು ಛತ್ರದಲ್ಲೇ ಉಳಿದುಕೊಂಡಿದ್ದ ಹಿರಿಯ ನಾದಸ್ವರದವರು, ಯಾರೂ ಕೇಳುವ ಮೊದಲೇ ಡೋಲಿನವರನ್ನು ಕರೆದುಕೊಂಡು ವೇದಿಕೆಯ ಪಕ್ಕ ಬಂದು ಕೂತರು. ನಾದಸ್ವರಕ್ಕೆ ಕರೆಂಟೂ ಬೇಡ, ಮೈಕೂ ಬೇಡ. ಕರೆಂಟು ಮರಳುವವರೆಗೂ ನುಡಿಸಿದರು. ಸಂಜೆಯ ಆರ್ಕೆಸ್ಟ್ರಾಕ್ಕೆ ಕೊಟ್ಟದ್ದರ ಮೂರನೇ ಒಂದು ಭಾಗವನ್ನೂ ನಾವು ಅವರಿಗೆ ಮಾತಾಡಿರಲಿಲ್ಲ. ಮರುದಿನ ಅಣ್ಣ ಅವರ ಕೈಗೆ ಹೆಚ್ಚಿಗೆ ಇಟ್ಟ. ಆ ಲೆಕ್ಕ ನನಗೆ ಈಗಲೂ ತೃಪ್ತಿ ಕೊಡುತ್ತದೆ.

ಚಿಕ್ಕವಳ ಮದುವೆ ಬಂದಾಗ ಮೊದಲು ಕೇಳಿದ್ದು ವಿದ್ಯುತ್ತಿನ ಲೆಕ್ಕ. ಅದು ಕಷ್ಟದ ಲೆಕ್ಕವಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಗೋಡೆಯಲ್ಲಿರುವ ದೊಡ್ಡ ಸಾಕೆಟ್ 16 ಆಂಪಿಯರ್‌ನದು. 230 ವೋಲ್ಟಿನಲ್ಲಿ ಅದು ತಡೆಯುವುದು ಸುಮಾರು ಮೂರೂವರೆ ಕಿಲೋವ್ಯಾಟ್. ಸೌಂಡ್‌ನವರು, ಲೈಟಿಂಗ್‌ನವರು, ಎಲ್‌ಇಡಿ ಪರದೆಯವರು, ಫೋಟೊದವರು ಒಬ್ಬೊಬ್ಬರೂ ‘ನಮ್ಮದು ಸ್ವಲ್ಪವೇ’ ಎಂದು ಅದೇ ಗೋಡೆಗೆ ಬಂದು ಸಿಕ್ಕಿಸಿದರೆ ಟ್ರಿಪ್ ಆಗದೆ ಇರುವುದಿಲ್ಲ. ಜನರೇಟರ್ ಮೇಲೆ 25 ಕೆವಿಎ ಎಂದು ಬರೆದಿದ್ದರೆ ಸಿಗುವುದು 20 ಕಿಲೋವ್ಯಾಟ್. ಪೂರ್ತಿ ಹೊರಿಸದೆ 16ರಲ್ಲಿ ನಿಲ್ಲಿಸುವುದು ಕ್ಷೇಮ. ಅದರಲ್ಲಿ ಲಿಫ್ಟಿಗೆ, ನೀರಿನ ಮೋಟರಿಗೆ, ಅಡುಗೆಮನೆಗೆ ಎಷ್ಟು ಹೋಗುತ್ತದೆ, ವೇದಿಕೆಗೆ ಎಷ್ಟು ಉಳಿಯುತ್ತದೆ ಎಂದು ಛತ್ರದ ಎಲೆಕ್ಟ್ರಿಷಿಯನ್‌ನನ್ನೇ ಕೇಳಬೇಕು. ಮ್ಯಾನೇಜರ್ ಬಳಿ ಈ ಉತ್ತರ ಇರುವುದು ಕಡಿಮೆ. ಮುಂಗಡ ಕೊಡುವ ಮೊದಲು ಮೇನ್ ಆಫ್ ಮಾಡಿಸಿ, ಜನರೇಟರ್ ಹಾಕಿಸಿ, ವೇದಿಕೆಯ ಒಂದೊಂದು ಸಾಕೆಟ್ಟಿಗೂ ಟೆಸ್ಟರ್ ಹಿಡಿಸಿ ನೋಡಿದೆವು. ಅಲ್ಲೂ ವೇದಿಕೆಗೆ ಡಿಜಿ ಲೈನ್ ಇರಲಿಲ್ಲ. ಸಂಜೆಯ ಮಟ್ಟಿಗೆ ಬೇರೆ ಜನರೇಟರ್ ಬಾಡಿಗೆಗೆ ತಂದೆವು. ಡೀಸೆಲ್ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಇಡೀ ಮದುವೆಯಲ್ಲಿ ಅದಕ್ಕಿಂತ ಹಗುರ ಮನಸ್ಸಿನಿಂದ ಕೊಟ್ಟ ದುಡ್ಡು ಇನ್ನೊಂದಿಲ್ಲ.

ಎರಡನೆಯ ಕೆಲಸ, ಎಲ್ಲರನ್ನೂ ಒಂದೇ ದಿನ ಛತ್ರಕ್ಕೆ ಕರೆಸಿ ಕಾಫಿ ತಿಂಡಿ ಕೊಟ್ಟು ಮಾತಾಡಿಸಿದ್ದು. ಡೆಕೊರೇಷನ್‌ನವರು ಹೂವಿನ ಚೌಕಟ್ಟು ನಿಲ್ಲಿಸಲು ಹೊರಟಿದ್ದ ಜಾಗದಲ್ಲೇ ಸೌಂಡ್‌ನವರು ಸ್ಪೀಕರ್ ಇಡುವವರಿದ್ದರು. ಪುರೋಹಿತರಿಗೂ ಓಲಗದವರಿಗೂ ನಡುವೆ ವಿಡಿಯೊದವರ ಟ್ರೈಪಾಡ್ ಬರುವುದಿತ್ತು. ಇದು ಸಣ್ಣ ವಿಷಯವಲ್ಲ. ಮಾಂಗಲ್ಯಧಾರಣೆಯ ಕ್ಷಣಕ್ಕೆ ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ’ ಎಂದಾಗ ಡೋಲಿನವರಿಗೆ ಆ ಕೈ ಕಾಣಬೇಕು. ಅಪಶಬ್ದ ಯಾವುದೂ ಕಿವಿಗೆ ಬೀಳದಿರಲೆಂದು ಹಿರಿಯರು ಮಾಡಿಟ್ಟ ವ್ಯವಸ್ಥೆ ಅದು. ಕೈ ಕಾಣದೆ ಹೋದರೆ ತಾಳಿ ಕಟ್ಟುವಾಗ ಕೇಳುವುದು ಜನರ ಗಲಾಟೆ, ಮೇಳ ಆಮೇಲೆ. ನಾವು ಟ್ರೈಪಾಡನ್ನು ಎರಡು ಮಾರು ಪಕ್ಕಕ್ಕೆ ಸರಿಸಿ, ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿದೆವು.

ಓಲಗದವರ ಬಗ್ಗೆ ಇನ್ನೊಂದು ಮಾತು. ಹಳೇ ಮೈಸೂರು ಸೀಮೆಯಲ್ಲಿ ಈ ವಿದ್ಯೆಯನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದವರಲ್ಲಿ ಸವಿತಾ ಸಮಾಜದ ಮನೆತನಗಳು ಬಹಳ. ನಸುಕಿನಲ್ಲಿ ಎದ್ದು ದೇವರ ಕಾರ್ಯದಿಂದ ಹೆಣ್ಣೊಪ್ಪಿಸುವವರೆಗೂ ಊದುವವರು ಅವರು. ಅವರಿಗೆ ತಿಂಡಿ ಎಷ್ಟು ಹೊತ್ತಿಗೆ, ಕೂರಲು ಜಾಗ ಎಲ್ಲಿ, ರಾತ್ರಿ ಮಲಗುವುದು ಎಲ್ಲಿ ಎಂದು ಅಡುಗೆಯವರಿಗೂ ಛತ್ರದವರಿಗೂ ಮೊದಲೇ ಹೇಳಿ. ಕೊನೆಯ ಪಂಕ್ತಿಯವರೆಗೆ ಅವರನ್ನು ಹಸಿದು ಕೂರಿಸುವುದು ನೋಡಲಾಗದ ಸಂಗತಿ. ದಕ್ಷಿಣೆಯನ್ನೂ ಹೊರಡುವ ಮುಂಚೆಯೇ ಕೊಟ್ಟು ಕಳಿಸಬೇಕು, ‘ನಾಳೆ ಫೋನ್‌ಪೇ ಮಾಡ್ತೀವಿ’ ಎನ್ನಬಾರದು.

ಆರ್ಕೆಸ್ಟ್ರಾದ ಕರಾರು ಇನ್ನೊಂದು ಬಗೆ. ಒಳ್ಳೆಯ ಲಗ್ನವಿರುವ ದಿನ ಒಂದೇ ತಂಡದ ಹೆಸರು ಎರಡು ಮೂರು ಛತ್ರಗಳಲ್ಲಿ ಹಾಡುತ್ತಿರುತ್ತದೆ. ನೀವು ಯೂಟ್ಯೂಬಿನಲ್ಲಿ ನೋಡಿ ಮೆಚ್ಚಿದ ಗಾಯಕಿ ಆ ಸಂಜೆ ಬೇರೆಲ್ಲೋ ಇರಬಹುದು. ಆದ್ದರಿಂದ ಯಾರು ಹಾಡುತ್ತಾರೆ, ಯಾರು ಕೀಬೋರ್ಡ್, ಬಂದು ನಿಲ್ಲುವುದು ಎಷ್ಟು ಗಂಟೆಗೆ, ಹಾಡುವುದು ಎಷ್ಟು ಗಂಟೆ, ನಿರೂಪಕರು ಸೇರಿದ್ದಾರೆಯೇ, ಸೌಂಡ್ ಅವರದೇ ಅಥವಾ ಛತ್ರದ್ದೇ ಎಂಬುದೆಲ್ಲ ಕಾಗದದಲ್ಲಿ ಇರಬೇಕು. ಒಂದು ತಂಡದವರು ಗಾಯಕರ ಹೆಸರು ಬರೆದುಕೊಡಲು ಒಪ್ಪಲಿಲ್ಲ. ಅವರನ್ನು ಬಿಟ್ಟೆವು.

ಕಂತಿನ ವಿಷಯಕ್ಕೆ ಬರುತ್ತೇನೆ, ನಿಜವಾದ ಹಗ್ಗಜಗ್ಗಾಟ ಅಲ್ಲೇ. ‘ಸ್ಟೇಜ್ ಹತ್ತೋ ಮೊದಲು ಬ್ಯಾಲೆನ್ಸ್ ಕ್ಲಿಯರ್ ಮಾಡಿ’ ಎನ್ನುತ್ತಾರೆ. ಅವರ ಮಾತಿಗೂ ಕಾರಣ ಇದೆ. ಮದುವೆ ಮುಗಿದ ಮೇಲೆ ಫೋನ್ ಎತ್ತದ ಮನೆಯವರನ್ನು ಅವರು ಸಾಕಷ್ಟು ನೋಡಿದ್ದಾರೆ. ಪೂರ್ತಿ ಕೊಟ್ಟುಬಿಟ್ಟರೆ ಅರ್ಧಕ್ಕೇ ಗಂಟು ಕಟ್ಟುವ ತಂಡಗಳನ್ನು ನಾವೂ ನೋಡಿದ್ದೇವೆ. ಚಿಕ್ಕವಳ ಮದುವೆಯಲ್ಲಿ ಕಾಲುಭಾಗ ಮುಂಗಡ, ಸೌಂಡ್ ಚೆಕ್ ಮುಗಿದ ಮೇಲೆ ನೂರರಲ್ಲಿ ಅರವತ್ತು ಭಾಗ, ಉಳಿದ ಹದಿನೈದು ಭಾಗ ಕೊನೆಯ ಹಾಡಾದ ಮೇಲೆ ಎಂದು ಬರೆದೆವು. ಆ ಹದಿನೈದು ಭಾಗವನ್ನು ಕವರಿನಲ್ಲಿ ಹಾಕಿ, ತಂಡವನ್ನು ನಮಗೆ ಪರಿಚಯಿಸಿದ ಹಿರಿಯರ ಜೇಬಿನಲ್ಲಿಟ್ಟೆವು. ದುಡ್ಡು ಛತ್ರದೊಳಗೇ ಇದೆ ಎಂದು ತಂಡದವರಿಗೂ ಧೈರ್ಯ, ಹಾಡು ಮುಗಿದ ಮೇಲೆಯೇ ಹೋಗುತ್ತದೆ ಎಂದು ನಮಗೂ ಧೈರ್ಯ.

ನಗದಿಗೆ ಕಾನೂನಿನ ಮಿತಿಯೊಂದಿದೆ, ಮದುವೆ ಮನೆಗಳಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. 2017ರ ಏಪ್ರಿಲ್ 1ರಿಂದ, ಒಂದು ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ನಾಲ್ಕು ದಿನ ಐವತ್ತೈವತ್ತು ಸಾವಿರ ಎಂದು ಒಡೆದು ಕೊಟ್ಟರೂ ಸಮಾರಂಭ ಒಂದೇ, ಲೆಕ್ಕವೂ ಒಂದೇ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ. ಬ್ಯಾಂಕಿನ ಮೂಲಕ ಕೊಟ್ಟರೆ ಇಬ್ಬರಿಗೂ ಕ್ಷೇಮ, ದಾಖಲೆಯೂ ಉಳಿಯುತ್ತದೆ. ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳಿಯುತ್ತೆ’ ಎಂಬ ಮಾತೂ ಬರುತ್ತದೆ. ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಸಣ್ಣ ತಂಡಕ್ಕೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ. ನೋಂದಣಿ ಇಲ್ಲದವರು ಜಿಎಸ್‌ಟಿ ಕೇಳುವಂತೆಯೂ ಇಲ್ಲ. ನೋಂದಣಿ ಇದ್ದರೆ ಬಿಲ್ ತೆಗೆದುಕೊಳ್ಳಿ. ನಾಳೆ ತಂಡ ಬಾರದೇ ಹೋದರೆ ಕೈಯಲ್ಲಿ ಉಳಿಯುವ ಆಧಾರ ಅದೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ನೋಡಬಹುದು.

ನಾವು ವಿಚಾರಿಸಿದ ಛತ್ರವೊಂದರ ಕೊಟೇಷನ್‌ನಲ್ಲಿ ‘ಮ್ಯೂಸಿಕ್ ಲೈಸೆನ್ಸ್’ ಎಂದು ಒಂದು ಸಾಲಿತ್ತು, ಮೊತ್ತವೂ ಸಣ್ಣದಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆ ಮೆರವಣಿಗೆಗೂ ಮದುವೆಗೆ ಸೇರಿದ ಇತರ ಸಂಭ್ರಮಗಳಿಗೂ ವಿನಾಯಿತಿ ಕೊಟ್ಟಿದೆ. ಮದುವೆಯಲ್ಲಿ ಹಾಡು ಹಾಕಿದರೆ ರಾಯಧನ ಕೇಳುವಂತಿಲ್ಲ ಎಂದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆಯನ್ನೇ ಹೊರಡಿಸಿತು. ಅದರ ಪ್ರತಿ ತೋರಿಸಿದ ಮೇಲೆ ಆ ಸಾಲು ಹೋಯಿತು. ಮುದ್ರಿಸಿ ಇಟ್ಟುಕೊಳ್ಳಿ.

ಶಬ್ದದ ನಿಯಮವನ್ನು ಮಾತ್ರ ಕಾನೂನು ಎಂಬ ಕಾರಣಕ್ಕಲ್ಲ, ನೆರೆಯವರು ಎಂಬ ಕಾರಣಕ್ಕೆ ಪಾಲಿಸಬೇಕು. ಅತ್ತಿಗುಪ್ಪೆ, ಚಂದ್ರಾ ಲೇಔಟ್, ವಿಜಯನಗರದ ಎಷ್ಟೋ ಛತ್ರಗಳ ಗೋಡೆಯಾಚೆಗೇ ಮನೆಗಳಿವೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ, ಮಲಗಿರುವ ವೃದ್ಧರಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಧ್ವನಿವರ್ಧಕವನ್ನಾಗಲಿ ವಾದ್ಯವನ್ನಾಗಲಿ ಬಳಸುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲಲ್ಲಿ 55 ಡೆಸಿಬಲ್, ರಾತ್ರಿ 45. ಬ್ರಾಹ್ಮೀ ಮುಹೂರ್ತವಿದ್ದರೆ ಗಂಡಿನವರನ್ನು ಎದುರುಗೊಳ್ಳುವ ಓಲಗ ಬಾಗಿಲೊಳಗೆ ಶುರುವಾಗಲಿ. ಬಯಲಲ್ಲಿ, ತಾರಸಿಯ ಮೇಲೆ ಮೈಕು ಹಾಕುವುದಾದರೆ ಠಾಣೆಯ ಅನುಮತಿಯನ್ನು ವಾರ ಮೊದಲೇ ಕೇಳಿ. ಹಾಡು ಒಂಬತ್ತೂವರೆಗೆ ಮುಗಿಯಲಿ ಎಂದು ಕರಾರಿನಲ್ಲೇ ಬರೆಸಿದರೆ ಹತ್ತರ ಜಗಳ ತಪ್ಪುತ್ತದೆ. ದೂರದಿಂದ ಬಂದವರಿಗೆ ಅತ್ತಿಗುಪ್ಪೆ ಸ್ಟೇಷನ್ನಿನಲ್ಲಿ ಮೆಟ್ರೋ ಹಿಡಿಯಲೂ ಹೊತ್ತು ಸಿಗುತ್ತದೆ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಒಂದೇ ಓಟ. ಆಹ್ವಾನ ಪತ್ರಿಕೆಯಲ್ಲಿ ಸ್ಟೇಷನ್ನಿನ ಹೆಸರು ಹಾಕಿಸಿದ್ದರಿಂದ ನಮ್ಮ ಪಾರ್ಕಿಂಗ್ ಖರ್ಚೂ ತಗ್ಗಿತು.

ಬೆಂಕಿಯ ಆಟಕ್ಕೆ ನನ್ನ ಪಟ್ಟಿಯಲ್ಲಿ ಜಾಗವಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿ ಹತ್ತಕ್ಕೂ ಹೆಚ್ಚು ಜೀವ ತೆಗೆದ ಮೇಲೆ ಮದುವೆಗಳಲ್ಲಿ ಪಟಾಕಿ ನಿಷೇಧ ಎಂದು ರಾಜ್ಯ ಸರ್ಕಾರ ಹೇಳಿತು. ಈಗ ಅದರ ಜಾಗಕ್ಕೆ ‘ಕೋಲ್ಡ್ ಪೈರೋ’, ಬಣ್ಣದ ಹೊಗೆ ಬಂದಿವೆ. ಹೆಸರು ತಣ್ಣಗಿದ್ದರೂ ಅದು ಕಿಡಿಯೇ. ಸುತ್ತ ಒಣಹೂವು, ಬಟ್ಟೆಯ ಪರದೆ, ಜರಿ ಸೀರೆ. 2025ರಲ್ಲಿ ಬೆಂಗಳೂರಿನಲ್ಲೇ ಮದುವೆಯ ಫೋಟೊ ತೆಗೆಯುವಾಗ ಬಣ್ಣದ ಸಿಡಿಮದ್ದು ತಗುಲಿ ಮದುಮಗಳ ಬೆನ್ನು ಸುಟ್ಟಿತು. ಚಿಕ್ಕವಳು ‘ಅತ್ತೆ, ಎಂಟ್ರಿಗೆ ಅದೊಂದು ಇರ್ಲಿ’ ಎಂದು ಕೇಳಿದಳು. ಬೇಡ ಎಂದೆ. ಆ ದುಡ್ಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುವ ಹುಡುಗನನ್ನು ಕರೆಸಿದೆವು. ಕದ್ರಿ ಗೋಪಾಲನಾಥರು ಆ ವಾದ್ಯಕ್ಕೆ ಕರ್ನಾಟಕ ಸಂಗೀತವನ್ನು ಒಗ್ಗಿಸಿಕೊಟ್ಟದ್ದರ ಫಲ ನಮ್ಮ ಮದುವೆ ಮನೆಗಳಿಗೂ ಸಿಕ್ಕಿದೆ.

ದುಡ್ಡು ಖರ್ಚಾಗದ ಒಂದು ಬಾಬತ್ತನ್ನೂ ಹೇಳಬೇಕು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು ಬರುವ ಅಜ್ಜಿಯರು, ಸೋದರತ್ತೆಯರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಜೆ ಆರ್ಕೆಸ್ಟ್ರಾ ಶುರುವಾಗುವ ಮುಂಚೆ ಅವರ ಕೈಗೆ ಹತ್ತು ನಿಮಿಷ ಮೈಕು ಕೊಡಿ, ಅದನ್ನೂ ಕಾರ್ಯಕ್ರಮದ ಪಟ್ಟಿಯಲ್ಲಿ ಬರೆಯಿರಿ. ಬರೆಯದಿದ್ದರೆ ಆ ಹೊತ್ತನ್ನು ಫೋಟೊದವರು ತಿಂದುಹಾಕುತ್ತಾರೆ. ನಮ್ಮ ಕಡೆ ಹಾಡಿದವರಿಗೆ ಎಂಬತ್ತು ದಾಟಿತ್ತು.

ಬರುವ ಲಗ್ನಕ್ಕೆ ತಂಡ ಹುಡುಕುತ್ತಿರುವವರು ಆಷಾಢವನ್ನೋ ಧನುರ್ಮಾಸವನ್ನೋ ಬಳಸಿಕೊಳ್ಳಿ. ಆಗ ಮುಹೂರ್ತಗಳಿಲ್ಲ, ಕಲಾವಿದರಿಗೆ ಬಿಡುವಿರುತ್ತದೆ, ಕೂತು ಮಾತಾಡುತ್ತಾರೆ, ದರದಲ್ಲೂ ಸ್ವಲ್ಪ ಇಳಿಯುತ್ತಾರೆ. ದರ ಕೇಳುವ ಮೊದಲು ನಿಮ್ಮ ಛತ್ರದ ಹೆಸರು ಹೇಳಿ, ಅಲ್ಲಿ ಮುಂಚೆ ನುಡಿಸಿದ್ದೀರಾ ಎಂದು ಕೇಳಿ. ನುಡಿಸಿದವರಾದರೆ ವೇದಿಕೆಯ ಯಾವ ಸಾಕೆಟ್ ಕೆಲಸ ಮಾಡುವುದಿಲ್ಲ ಎಂಬುದನ್ನೂ ಹೇಳುತ್ತಾರೆ.