ಬೇಸಗೆಯ ರಜೆಯೂ ಮನೆಯ ಓದೂ

ಬೇಸಗೆಯ ರಜೆಯು ಮಕ್ಕಳಿಗೆ ಎಷ್ಟು ಪ್ರಿಯವಾದುದೋ ಉಪಾಧ್ಯಾಯಿನಿಯರಾದ ನಮಗೆ ಅಷ್ಟೇ ಯೋಚನೆಯನ್ನು ತರುವಂಥದು. ಏಪ್ರಿಲ್ ತಿಂಗಳಲ್ಲಿ ಸರಾಗವಾಗಿ ಓದುತ್ತಿದ್ದ ಹುಡುಗಿಯು ಜೂನಿನಲ್ಲಿ ಮರಳಿ ಬಂದು ಅಂಥದೇ ಪುಟದ ಮುಂದೆ ತಡವರಿಸುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಅವಳ ಬುದ್ಧಿಯೇನೂ ಕುಂದಿರುವುದಿಲ್ಲ. ಸುಮಾರು ಏಳು ವಾರಗಳ ಕಾಲ ಅವಳ ಕಣ್ಣಿಗೆ ಅಕ್ಷರವಾಗಲಿ ಕಿವಿಗೆ ಪುಸ್ತಕದ ಭಾಷೆಯಾಗಲಿ ಬಿದ್ದಿರುವುದಿಲ್ಲ, ಅಷ್ಟೇ. ಆದಕಾರಣ ಈ ಸ್ಮರಣ ಸಂಚಿಕೆಯ ಮೂಲಕ ತಂದೆತಾಯಿಗಳೊಡನೆಯೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೊಡನೆಯೂ ಈ ವಿಷಯವಾಗಿ ಕೆಲವು ಮಾತುಗಳನ್ನಾಡಲು ಬಯಸುತ್ತೇವೆ.

ಓದು ಹಿಂದೆ ಬೀಳುವುದೇಕೆ?

ಓದುವಾಗ ಮನಸ್ಸು ಎರಡು ಕೆಲಸಗಳನ್ನು ಒಮ್ಮೆಗೇ ಮಾಡಬೇಕಾಗುತ್ತದೆ. ಅಕ್ಷರಗಳನ್ನು ಕೂಡಿಸಿ ಶಬ್ದವನ್ನು ಗುರುತಿಸುವುದು ಒಂದು; ಶಬ್ದಗಳನ್ನು ಕೂಡಿಸಿ ಅರ್ಥವನ್ನು ಹಿಡಿಯುವುದು ಇನ್ನೊಂದು. ಒಂದೊಂದು ಒತ್ತಕ್ಷರದ ಬಳಿಯಲ್ಲಿಯೂ ನಿಂತು ನಿಂತು ಓದುವ ಮಗುವು ವಾಕ್ಯದ ಕೊನೆಯನ್ನು ಮುಟ್ಟುವಷ್ಟರಲ್ಲಿ ಅದರ ಮೊದಲನ್ನು ಮರೆತಿರುತ್ತದೆ. ನಿತ್ಯದ ಅಭ್ಯಾಸದಿಂದ ಕಣ್ಣು ಇಡೀ ಶಬ್ದವನ್ನು ಒಂದೇ ನೋಟದಲ್ಲಿ ಗುರುತಿಸಲು ಕಲಿಯುತ್ತದೆ. ಆಗ ಮನಸ್ಸು ಅರ್ಥದ ಕಡೆಗೆ ತಿರುಗಲು ಬಿಡುವು ಪಡೆಯುತ್ತದೆ. ಅಭ್ಯಾಸವು ತಪ್ಪಿದರೆ ಈ ಸರಾಗವೂ ಕುಗ್ಗುತ್ತದೆ.

ನಮ್ಮ ಕರಾವಳಿಯ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ಅನೇಕರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡವೇ ಮನೆಮಾತಾಗಿರುವಲ್ಲಿಯೂ ಮನೆಯಲ್ಲಾಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಶಾಲೆಯು ಮುಚ್ಚಿದೊಡನೆ ಇಂಥ ಮಗುವಿಗೆ ಪುಸ್ತಕದ ಕನ್ನಡದ ಬಳಕೆಯೇ ನಿಂತುಹೋಗುವುದು. ಮನೆಮಾತನ್ನು ಬಿಡಿಸಬೇಕೆಂದು ಇದರ ಅರ್ಥವಲ್ಲ. ಅದು ಮಗುವಿನ ಸೊತ್ತು. ಅದರ ಜೊತೆಗೆ ದಿನಕ್ಕಿಷ್ಟು ಪುಸ್ತಕದ ಮಾತೂ ಸೇರಲಿ ಎಂಬುದೇ ನಮ್ಮ ಅಪೇಕ್ಷೆ.

ಎಂಥ ಪುಸ್ತಕ?

ರಜೆಯ ಓದೆಂದರೆ ಬರುವ ವರ್ಷದ ಪಾಠಪುಸ್ತಕವನ್ನು ಮುಂಚಿತವಾಗಿ ಬಾಯಿಪಾಠ ಮಾಡಿಸುವುದೆಂದು ಕೆಲವರು ತಿಳಿದಿರುತ್ತಾರೆ. ಇದರಿಂದ ಮಗುವಿಗೆ ಪುಸ್ತಕವೆಂದರೇ ಬೇಸರ ಹುಟ್ಟುತ್ತದೆ. ಈ ವಿಷಯವಾಗಿ ಅಮೇರಿಕ ದೇಶದ ಫ್ಲಾರಿಡಾ ಪ್ರಾಂತದಲ್ಲಿ ನಡೆದ ಪರೀಕ್ಷೆಯೊಂದು ಗಮನಿಸತಕ್ಕದ್ದಾಗಿದೆ. ಅಲ್ಲಿಯ ಬಡ ಕುಟುಂಬಗಳ ಮಕ್ಕಳಿಗೆ ಪ್ರತಿ ಬೇಸಗೆಯ ರಜೆಗೂ, ಅವರೇ ಆರಿಸಿಕೊಂಡ ೧೨ ಪುಸ್ತಕಗಳನ್ನು, ೩ ವರ್ಷಗಳವರೆಗೆ ಉಚಿತವಾಗಿ ಕೊಡಲಾಯಿತು. ರಿಚರ್ಡ್ ಆಲಿಂಗ್ಟನ್ ಮತ್ತು ಅವರ ಜೊತೆಗಾರರು ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ, ಪುಸ್ತಕ ದೊರೆತ ಮಕ್ಕಳು ದೊರೆಯದವರಿಗಿಂತ ಓದಿನಲ್ಲಿ ಮುಂದೆ ಬಂದರು; ಅತ್ಯಂತ ಬಡವರಿಗೆ ಅದರ ಪ್ರಯೋಜನವು ಇನ್ನೂ ಹೆಚ್ಚಾಗಿತ್ತು. ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಂಡರೆಂಬುದನ್ನು ಇಲ್ಲಿ ಮರೆಯಬಾರದು. ಆದಕಾರಣ ಹುಡುಗಿಯು ಚಿತ್ರಕಥೆಯನ್ನು ಆರಿಸಿಕೊಂಡರೂ, ಒಂದೇ ಕಥೆಯನ್ನು ನಾಲ್ಕು ಬಾರಿ ಓದಿದರೂ ಆಕ್ಷೇಪಿಸಬೇಡಿರಿ.

ಮಕ್ಕಳಿಗಾಗಿ ಬರೆಯುವ ಕೆಲಸವನ್ನು ನಮ್ಮ ಜಿಲ್ಲೆಯ ಹಿರಿಯರು ಕೀಳೆಂದೆಣಿಸಲಿಲ್ಲ. ಪಂಜೆ ಮಂಗೇಶರಾಯರು (೧೮೭೪–೧೯೩೭) ಎಳೆಯರಿಗಾಗಿ ಬರೆದ ಕಥೆಗಳೂ ಪದ್ಯಗಳೂ ಗಟ್ಟಿಯಾಗಿ ಓದಲು ಇಂದಿಗೂ ಸೊಗಸಾಗಿವೆ. ಶಿವರಾಮ ಕಾರಂತರು ೧೯೩೬ರಲ್ಲಿ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳ ಜ್ಞಾನಕೋಶವನ್ನೇ ಮಕ್ಕಳ ಕೈಗಿತ್ತರು. ಕೊಳ್ಳಲು ಅನುಕೂಲವಿಲ್ಲದವರು ಗ್ರಾಮ ಪಂಚಾಯತಿಯ ಗ್ರಂಥಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗಬಹುದು. ಹಳ್ಳಿಯ ಮಕ್ಕಳನ್ನು ಈ ಗ್ರಂಥಾಲಯಗಳ ಕಡೆಗೆ ಸೆಳೆಯಲು ೨೦೨೦ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಮನೆಯಲ್ಲಿ ಫೋನು ಮಾತ್ರವೇ ಇದ್ದರೆ ಅದೂ ಉಪಯೋಗಕ್ಕೆ ಬಂದೀತು. ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ತೆರೆದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಬೆಲೆಯಿಲ್ಲದೆ ದೊರೆಯುತ್ತವೆ.

ಕೇಳುವವರು ಯಾರು?

‘ನಮಗೇ ಓದು ಬಾರದು, ಮಗುವಿಗೆ ಏನನ್ನು ಕಲಿಸೋಣ ಟೀಚರೇ?’ ಎಂದು ಕೆಲವು ತಾಯಂದಿರು ಸಂಕೋಚದಿಂದ ಕೇಳುವುದುಂಟು. ಅಮ್ಮಂದಿರೇ, ನೀವು ಕಲಿಸಬೇಕಾದುದಿಲ್ಲ, ಕೇಳಿದರೆ ಸಾಕು. ಬೀಡಿ ಕಟ್ಟುವಾಗಲೂ ಹಲಸಿನ ಹಪ್ಪಳ ಒತ್ತುವಾಗಲೂ ಕೈಗೆ ಕೆಲಸವಿದ್ದರೂ ಕಿವಿಗೆ ಬಿಡುವಿರುತ್ತದೆ. ಮಗಳು ಹತ್ತಿರ ಕುಳಿತು ಗಟ್ಟಿಯಾಗಿ ಓದಲಿ. ನಡುವೆ ಮೂರು ಪ್ರಶ್ನೆಗಳನ್ನು ಕೇಳಿರಿ: ಮುಂದೇನಾಯಿತು? ಅವಳು ಹಾಗೆ ಮಾಡಿದ್ದು ಏಕೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಇದನ್ನು ನಿಮ್ಮ ಮನೆಮಾತಿನಲ್ಲಿಯೇ ಕೇಳಬಹುದು. ಓದಿದುದನ್ನು ಮನೆಮಾತಿನಲ್ಲಿ ತಿರುಗಿ ಹೇಳಬಲ್ಲ ಮಗುವಿಗೆ ಅದರ ಅರ್ಥವು ನಿಜವಾಗಿಯೂ ಆಗಿದೆಯೆಂದು ತಿಳಿಯತಕ್ಕದ್ದು. ಅಜ್ಜಿಯು ಮನೆಯಲ್ಲಿದ್ದರೆ ಆಕೆ ಹೇಳುವ ಒಂದು ಕಥೆಯನ್ನು ಹುಡುಗಿಯು ಕನ್ನಡದಲ್ಲಿ ಬರೆದು, ಆಕೆಗೇ ಓದಿ ಹೇಳಲಿ.

ಓದು ಬಲ್ಲ ತಾಯಿತಂದೆಗಳು ಒಂದು ಎಚ್ಚರಿಕೆಯನ್ನು ವಹಿಸಬೇಕು. ಪ್ರತಿಯೊಂದು ತಪ್ಪಿಗೂ ಮಗುವನ್ನು ತಡೆಯಬಾರದು. ವಾಕ್ಯವು ಮುಗಿದ ಬಳಿಕ ಆ ಶಬ್ದವನ್ನು ನೀವೇ ಸರಿಯಾಗಿ ಒಮ್ಮೆ ಉಚ್ಚರಿಸಿ ಮುಂದೆ ಓದಗೊಡಿರಿ. ತುಂಟತನಕ್ಕೆ ಶಿಕ್ಷೆಯಾಗಿ ಪುಸ್ತಕವನ್ನು ಎಂದೂ ಕೈಗೆ ಕೊಡಬೇಡಿರಿ.

ಹುಡುಗಿಯ ಅರ್ಧ ಗಂಟೆ

ಇನ್ನು ನಮ್ಮ ಮುಖ್ಯವಾದ ಮಾತು. ಪುಸ್ತಕವೂ ಇದೆ, ಕೇಳುವವರೂ ಇದ್ದಾರೆ, ಆದರೆ ಹುಡುಗಿಗೆ ಸಮಯವೇ ಇಲ್ಲ. ಇಂಥ ಮನೆಗಳು ಈಗಲೂ ಹಲವು. ರಜೆ ಬಂದೊಡನೆ ಪಾತ್ರೆ ತೊಳೆಯುವುದೂ, ನೀರು ಸೇದುವುದೂ, ತಮ್ಮತಂಗಿಯರನ್ನು ನೋಡಿಕೊಳ್ಳುವುದೂ ಅವಳ ಪಾಲಿಗೆ ಬೀಳುತ್ತವೆ. ಮನೆಗೆಲಸವನ್ನು ಕಲಿಯುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅಣ್ಣನು ಪುಸ್ತಕ ಹಿಡಿದರೆ ‘ಅವನು ಓದುತ್ತಿದ್ದಾನೆ, ಕರೆಯಬೇಡ’ ಎನ್ನುವ ಮನೆಯಲ್ಲಿಯೇ ತಂಗಿಯು ಪುಸ್ತಕ ಹಿಡಿದರೆ ‘ಸುಮ್ಮನೆ ಕೂತಿದ್ದೀಯಲ್ಲ, ಏಳು’ ಎಂಬ ಮಾತು ಬರುವುದಾದರೆ, ಅವಳು ಯಾವ ಪಾಠವನ್ನು ಕಲಿಯುತ್ತಾಳೆಂಬುದನ್ನು ಹಿರಿಯರು ಆಲೋಚಿಸಲಿ. ದಿನಕ್ಕೆ ಅರ್ಧ ಗಂಟೆ, ಗೊತ್ತಾದ ಒಂದು ಹೊತ್ತಿನಲ್ಲಿ, ಯಾರೂ ಕರೆಯದಂತೆ ಅವಳಿಗೆ ಬಿಟ್ಟುಕೊಡಿರಿ. ಆ ಹೊತ್ತಿನಲ್ಲಿ ಅಣ್ಣನೇ ನೀರು ಸೇದಲಿ.

ಯಾಕಂದರೆ ಹತ್ತನೆಯ ತರಗತಿಯ ಬಳಿಕ ಎಲ್ಲ ಹುಡುಗಿಯರ ವಿದ್ಯಾಭ್ಯಾಸವೂ ಮುಂದುವರಿಯುವುದಿಲ್ಲ. ಹಾಗೆ ನಿಂತಲ್ಲಿ ಅವಳ ಬಳಿ ಉಳಿಯುವುದು ತಾನಾಗಿ ಓದುವ ಅಭ್ಯಾಸವೊಂದೇ. ಔಷಧದ ಮೇಲಣ ಬರಹವನ್ನು, ಸ್ವಸಹಾಯ ಸಂಘದ ಸಾಲದ ಕಾಗದವನ್ನು, ಜಮೀನಿನ ಪತ್ರವನ್ನು ತಾನೇ ಓದಿ ತಿಳಿದ ಬಳಿಕವೇ ಸಹಿ ಹಾಕುವವಳಾಗುವಳೋ, ಇಲ್ಲವೆ ಇನ್ನೊಬ್ಬರು ಬೆರಳಿಟ್ಟು ತೋರಿಸಿದಲ್ಲಿ ಸಹಿ ಹಾಕುವವಳಾಗುವಳೋ ಎಂಬುದು ಆ ಅಭ್ಯಾಸವನ್ನೇ ಹೊಂದಿಕೊಂಡಿದೆ. ಅಕ್ಷರವನ್ನು ಕಲಿಸುವುದು ಶಾಲೆಯ ಕೈಯಲ್ಲಿದೆ. ಅಭ್ಯಾಸವು ಬೇರೂರುವುದು ಮನೆಯಲ್ಲಿ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಈ ಬೇಸಗೆಯಲ್ಲಿ ನಿಮ್ಮ ಮಕ್ಕಳೊಡನೆ ನೆರೆಮನೆಯ ಹುಡುಗಿಯೊಬ್ಬಳನ್ನೂ ಕೂರಿಸಿಕೊಂಡು ಓದಿಸಿರಿ. ನಿಮ್ಮ ಮಕ್ಕಳು ಓದಿ ಬಿಟ್ಟ ಕಥೆಪುಸ್ತಕಗಳನ್ನು, ಹಾಳೆ ಹರಿದಿದ್ದರೂ ಚಿಂತೆಯಿಲ್ಲ, ಶಾಲೆಗೆ ಕಳುಹಿಸಿಕೊಡಿರಿ. ಅವುಗಳನ್ನು ಅಂಟಿಸಿ, ಹೊಲಿದು, ರಜೆಗೆ ಮೊದಲು ಹುಡುಗಿಯರ ಮುಂದೆ ಹರಡಿ, ತಮಗೆ ಬೇಕಾದುದನ್ನು ಆರಿಸಿಕೊಳ್ಳಿರೆಂದು ಹೇಳುವ ಕೆಲಸವು ನಮ್ಮದು.