ಬಾಳೆಯ ಎಲೆಯಡಿಯ ವೈರಿ: ಜೇಡನುಸಿ

ಕೊಡಗಿನಲ್ಲಿ ಬಾಳೆಯಿಲ್ಲದ ಹಿತ್ತಿಲು ಅಪೂರ್ವ. ಊಟಕ್ಕೆ ಎಲೆಯೂ ಮಕ್ಕಳಿಗೆ ಹಣ್ಣೂ ಪಲ್ಯಕ್ಕೆ ಹೂವು ದಿಂಡುಗಳೂ ಇದರಿಂದಲೇ ದೊರೆಯುವುವು. ಹೊಸದಾಗಿ ನೆಟ್ಟ ಕಾಫಿ ಗಿಡಗಳಿಗೆ, ನೆರಳಿನ ಮರಗಳು ಬೆಳೆದುನಿಲ್ಲುವ ತನಕ, ಬಾಳೆಯೇ ಆಶ್ರಯ. ಕೊಡವರ ಮದುವೆಯಲ್ಲಿ ನೆಟ್ಟ ಬಾಳೆದಿಂಡುಗಳನ್ನು ಕತ್ತಿಯಿಂದ ಕಡಿಯುವುದು ಒಂದು ಮರ್ಯಾದೆಯೆನಿಸಿದೆ. ಇಷ್ಟು ಉಪಕಾರಿಯಾದ ಗಿಡವು ಬೇಸಗೆಯಲ್ಲಿ ಹಳದಿಯಾಗಿ ಸೊರಗಿದಾಗ ಕೆಲವರು ಬಿಸಿಲಿನ ತಾಪವೆಂದು ಸುಮ್ಮನಿರುವರು. ಕೆಲವರು ಮಹಾರೋಗವೆಂದು ಹೆದರಿ ಬುಡಸಹಿತ ಕಿತ್ತೆಸೆಯುವರು. ಎರಡೂ ಅವಸರದ ತೀರ್ಮಾನಗಳು. ಮೊದಲು ಎಲೆಯನ್ನು ಮಗುಚಿ ಅದರ ಅಡಿಭಾಗವನ್ನು ನೋಡತಕ್ಕದ್ದು.

ಅಲ್ಲಿ ಸಣ್ಣ ಚುಕ್ಕೆಗಳು ಚಲಿಸುತ್ತಿದ್ದು, ನವುರಾದ ಬಲೆಯೂ ಧೂಳೂ ಕೂಡಿಕೊಂಡಿದ್ದರೆ ಅದು ಜೇಡನುಸಿಯ ಕೆಲಸವೆಂದು ತಿಳಿಯಬೇಕು. ನುಸಿಯು ಕೀಟವಲ್ಲ, ಜೇಡನ ಬಳಗಕ್ಕೆ ಸೇರಿದ ಪ್ರಾಣಿ. ಬೆಳೆದ ನುಸಿಗೆ ಎಂಟು ಕಾಲುಗಳು. ಮೊಟ್ಟೆಯಿಂದ ಆಗತಾನೆ ಹೊರಬಂದ ಮರಿಗೆ ಆರೇ ಕಾಲುಗಳು. ಇದರ ಉದ್ದವು ಸುಮಾರು ಅರ್ಧ ಮಿಲಿಮೀಟರು ಮಾತ್ರ. ಎಲೆಯನ್ನು ಒಂದು ಬಿಳಿಯ ಕಾಗದದ ಮೇಲೆ ಹಿಡಿದು ತಟ್ಟಿದರೆ ನುಸಿಗಳು ಉದುರಿ ಹರಿದಾಡುವುದನ್ನು ಮಕ್ಕಳೂ ಕಾಣಬಹುದು. ಇವು ಎಲೆಯ ಜೀವಕೋಶಗಳನ್ನು ಚುಚ್ಚಿ ರಸವನ್ನು ಹೀರುವುದರಿಂದ ಹಸುರು ಅಳಿದು, ಮೊದಲು ಬಿಳುಪಾದ ಚುಕ್ಕೆಗಳೂ ತರುವಾಯ ಕಂದುಬಣ್ಣವೂ ಉಂಟಾಗುವುವು. ಕಾಫಿ ತೋಟದವರು ಬಲ್ಲ ಕೆಂಪುನುಸಿಯು ಎಲೆಯ ಮೇಲ್ಮೈಯಲ್ಲಿ ವಾಸಿಸುವುದು. ಬಾಳೆಯ ನುಸಿಯಾದರೋ ಹೆಚ್ಚಾಗಿ ಕೆಳಮೈಯಲ್ಲಿ. ಆದುದರಿಂದಲೇ ಇದು ಕಣ್ಣಿಗೆ ಬೀಳುವುದು ತಡ.

ಇನ್ನೊಂದು ವ್ಯಾಧಿಯನ್ನು ಇದರಿಂದ ಬೇರ್ಪಡಿಸಿ ತಿಳಿಯುವುದು ಅತ್ಯವಶ್ಯ. ಹೊಸ ಎಲೆಗಳು ಕಿರಿದಾಗಿ, ನೆಟ್ಟಗೆ ನಿಂತು, ತುದಿಯಲ್ಲಿ ಗೊಂಚಲಿನಂತೆ ಒತ್ತಿಕೊಂಡರೆ ಅದು ಹೇನಿನಿಂದ ಹರಡುವ ನಂಜುರೋಗ. ಅದಕ್ಕೆ ಮದ್ದಿಲ್ಲ, ಹೇನುಗಳನ್ನು ಮೊದಲು ಕೊಂದು, ಗಿಡವನ್ನು ಗೆಡ್ಡೆಸಹಿತ ಅಗೆದು ನಾಶಪಡಿಸಬೇಕು, ಅದರ ಕಂದನ್ನು ಎಲ್ಲಿಯೂ ನೆಡಬಾರದು. ನುಸಿ ಹತ್ತಿದ ಗಿಡವಾದರೋ ಉಳಿಯಬಲ್ಲುದು. ಒಂದನ್ನು ಮತ್ತೊಂದೆಂದು ಭ್ರಮಿಸಿದರೆ ಒಳ್ಳೆಯ ಗಿಡವನ್ನು ಕಳೆದುಕೊಳ್ಳುವೆವು, ಇಲ್ಲವೆ ಕೆಟ್ಟ ಗಿಡವನ್ನು ಸಾಕಿ ನೆರೆಯವರ ತೋಟಕ್ಕೂ ಕೇಡು ತರುವೆವು.

ನುಸಿಗೆ ಪ್ರಿಯವಾದ ಕಾಲವು ಒಣಹವೆಯ ಕಾಲ. ಮಳೆಗಾಲ ಕಳೆದು ನೆಲವು ಒಣಗಿದ ಮೇಲೆ, ಹೂಮಳೆ ಬೀಳುವ ತನಕ, ಅದು ಬಲು ಬೇಗ ವೃದ್ಧಿಯಾಗುವುದು. ಬೆಚ್ಚನೆಯ ದಿನಗಳಲ್ಲಿ ಸುಮಾರು ಎರಡು ವಾರಗಳೊಳಗಾಗಿ ಒಂದು ತಲೆಮಾರು ಮುಗಿಯುವುದು. ರಸ್ತೆಯ ಧೂಳು ಕವಿದ ಗಿಡಗಳಿಗೂ ನೀರಿಲ್ಲದೆ ಬಳಲಿದ ಗಿಡಗಳಿಗೂ ಇದರ ಬಾಧೆ ಅಧಿಕ. ಜೂನ್ ತಿಂಗಳಿನ ಜಡಿಮಳೆಯು ಇದನ್ನು ತೊಳೆದುಹಾಕುವುದು. ಈ ಪ್ರಕೃತಿಯ ಪಾಠವನ್ನೇ ನಾವು ಅನುಸರಿಸತಕ್ಕದ್ದು. ಬುಡಕ್ಕೆ ದರಗು ಹೊದಿಸಿ ತೇವವನ್ನು ಕಾಪಾಡಿರಿ. ಬಾಧೆ ಕಂಡೊಡನೆ ಎಲೆಯ ಅಡಿಭಾಗಕ್ಕೆ ನೀರನ್ನು ರಭಸದಿಂದ ಚಿಮುಕಿಸಿರಿ. ತೀರಾ ಕೆಟ್ಟ ಎಲೆಗಳನ್ನು ಕತ್ತರಿಸಿ ಸುಡಿರಿ; ಆದರೆ ಹಸುರೆಲೆಗಳನ್ನು ಉಳಿಸಿರಿ, ಗೊನೆ ತುಂಬುವುದು ಅವುಗಳಿಂದಲೇ.

ಇಷ್ಟರಿಂದ ತಗ್ಗದಿದ್ದರೆ ಒಂದು ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಡನೆ ಕದಡಿ, ಸಂಜೆಯ ವೇಳೆ ಸಿಂಪಡಿಸಬಹುದು. ಸಾಬೂನಿಲ್ಲದಿದ್ದರೆ ನೀರು ಬಾಳೆಯ ನುಣುಪಾದ ಎಲೆಯಿಂದ ಜಾರಿಹೋಗುವುದು. ಉಳಿದ ಮೊಟ್ಟೆಗಳು ಮರಿಯಾಗುವುದರಿಂದ ಒಂದು ವಾರದ ಬಳಿಕ ಮತ್ತೊಮ್ಮೆ ಸಿಂಪಡಿಸಬೇಕು. ಊಟಕ್ಕೆ ಕೊಯ್ಯುವ ಎಲೆಗಳಿಗೆ ಯಾವ ಔಷಧವನ್ನೂ ತಾಗಿಸಕೂಡದು.

ಕಂಡಕಂಡ ವಿಷಗಳನ್ನು ಸುರಿಯುವುದು ಮಾತ್ರ ಅವಿವೇಕ. ನುಸಿಯನ್ನು ತಿಂದು ಬದುಕುವ ಸಣ್ಣ ಕರಿಯ ಗುಲಗಂಜಿ ಹುಳುಗಳೂ ಪರಭಕ್ಷಕ ನುಸಿಗಳೂ ನಮ್ಮ ತೋಟಗಳಲ್ಲಿಯೇ ಇವೆ. ವಿಷವು ಮೊದಲು ಈ ಕಾವಲುಗಾರರನ್ನು ಕೊಲ್ಲುವುದು. ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ.ಯನ್ನು ಧಾರಾಳವಾಗಿ ಸಿಂಪಡಿಸಿದ ಪರದೇಶಗಳ ಹಣ್ಣಿನ ತೋಟಗಳಲ್ಲಿ ನುಸಿಯು ಹಿಂದೆಂದೂ ಇಲ್ಲದಷ್ಟು ಹೆಚ್ಚಿತು. ಕಾವಲಿಲ್ಲದ ನೆಲದಲ್ಲಿ ನುಸಿ ಎಷ್ಟು ಬಲಿಯಬಲ್ಲುದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. 1924ರಲ್ಲಿ ಕೊಯಮುತ್ತೂರಿನ ತೆಂಗಿನ ಎಲೆಗಳಿಂದ ಮೊದಲು ವರ್ಣಿಸಲ್ಪಟ್ಟ ಕೆಂಪು ತಾಳೆನುಸಿಯು, ಜೇಡನುಸಿಯ ಸಮೀಪದ ಬಂಧು, 2004ರಲ್ಲಿ ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕಾಣಿಸಿಕೊಂಡು, ಆ ಸೀಮೆಯ ತೆಂಗು ಬಾಳೆಗಳನ್ನು ಬಹಳವಾಗಿ ಪೀಡಿಸಿತು.

ಸಂದೇಹವಿದ್ದಲ್ಲಿ ಎಲೆಯೊಂದನ್ನು ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಾಗಲಿ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ತೋರಿಸಿ ಸಲಹೆ ಪಡೆಯಬಹುದು. ಹಿತ್ತಿಲಿನ ಪಾಲನೆಯು ಬಹುಮಟ್ಟಿಗೆ ಮನೆಯ ಹೆಂಗಸರ ಕೈಯಲ್ಲಿರುವುದು. ವಾರಕ್ಕೊಮ್ಮೆ ಎಲೆಯನ್ನು ಮಗುಚಿ ನೋಡುವ ಅಭ್ಯಾಸವನ್ನು ತಾಯಂದಿರು ತಮ್ಮ ಹುಡುಗಿಯರಿಗೆ ಕಲಿಸಿದರೆ, ಗೊನೆಯೂ ಉಳಿಯುವುದು. ಕಾರಣವನ್ನು ತಿಳಿಯದೆ ಕತ್ತಿಯೆತ್ತಬಾರದೆಂಬ ಬುದ್ಧಿಯೂ ಅವರಲ್ಲಿ ಬೇರೂರುವುದು.