ಗ್ಲೋಬ್ ಆಮೇಲೆ, ಮೊದಲು ಒಂದು ಕೋಲು ನೆಡಿ

ನಾಲ್ಕನೇ ತರಗತಿಯ ಮಗುವಿಗೆ ಏಳು ಖಂಡಗಳ ಹೆಸರು ಬಾಯಿಪಾಠವಾಗಿರುತ್ತದೆ. ನಿಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದರೆ ಅಮ್ಮನ ಮುಖ ನೋಡುತ್ತದೆ. ನಾವು ಭೂಗೋಳವನ್ನು ದೂರದಿಂದ ಶುರುಮಾಡುತ್ತೇವೆ, ಎಷ್ಟೋ ಸಲ ಮನೆಯ ಹತ್ತಿರಕ್ಕೆ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತದೆ. ತುಮಕೂರಿನ ಸದಾಶಿವನಗರದಂಥ ಬಡಾವಣೆಯಲ್ಲಿರುವವರು ಹೀಗೆ ಮಾಡಬೇಕಿಲ್ಲ. ದಿಕ್ಕು, ಅಳತೆ, ಇಳಿಜಾರು, ಅಕ್ಷಾಂಶ, ರೇಖಾಂಶ ಎಲ್ಲವನ್ನೂ ಕಲಿಸಲು ಬೇಕಾದ ನೆಲ ಗುಬ್ಬಿ, ಕುಣಿಗಲ್ ದಾಟುವುದರೊಳಗೇ ಸಿಗುತ್ತದೆ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಭಾನುವಾರಗಳಂದು ಒಂದೊಂದಾಗಿ ಮಾಡಿಸಬಹುದಾದ ಕೆಲಸಗಳಿವು.

ನೆರಳಿನಿಂದ ದಿಕ್ಕು

ತಾರಸಿಯ ಮೇಲೋ ಅಂಗಳದಲ್ಲೋ ಬಿಸಿಲು ಬೀಳುವ ಸಮತಟ್ಟು ಜಾಗ ಹುಡುಕಿ. ಒಂದು ಮೀಟರ್ ಉದ್ದದ ನೇರ ಕೋಲನ್ನು ಮಣ್ಣು ತುಂಬಿದ ಡಬ್ಬದಲ್ಲಿ ಲಂಬವಾಗಿ ನಿಲ್ಲಿಸಿ. ಎತ್ತರ ಅಳೆಯುವಾಗ ಡಬ್ಬದ ತಳದಿಂದಲೇ ಅಳೆಯಿರಿ. ಅಷ್ಟೇ ಉದ್ದದ ದಾರದಿಂದ ಕೋಲಿನ ಸುತ್ತ ಸೀಮೆಸುಣ್ಣದಲ್ಲಿ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದ ಹೊರಗಿರುತ್ತದೆ. ಋತುವಿಗೆ ತಕ್ಕಂತೆ ಒಂಬತ್ತರಿಂದ ಹನ್ನೊಂದರ ನಡುವೆ ಅದು ಕುಗ್ಗುತ್ತಾ ಬಂದು ಗೆರೆ ಮುಟ್ಟುತ್ತದೆ. ಅಲ್ಲೊಂದು ಗುರುತು ಹಾಕಿಸಿ. ಮಧ್ಯಾಹ್ನದ ಮೇಲೆ ಬೆಳೆಯುತ್ತಾ ಹೋಗಿ ಮತ್ತೆ ಗೆರೆ ಮುಟ್ಟುವ ಕಡೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪಶ್ಚಿಮ–ಪೂರ್ವ ರೇಖೆ ಸಿಕ್ಕಿತು. ಬೆಳಗಿನ ಗುರುತು ಪಶ್ಚಿಮಕ್ಕಿರುತ್ತದೆ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ದಿಕ್ಕು ಗೊತ್ತುಮಾಡಲು ಹೇಳಿರುವುದೂ ಈ ಶಂಕುವಿನ ವಿಧಾನವನ್ನೇ. ಮೊಬೈಲ್ ದಿಕ್ಸೂಚಿಯನ್ನು ಕೊನೆಯಲ್ಲಿ, ತಾಳೆ ನೋಡುವುದಕ್ಕೆ ಮಾತ್ರ ತೆಗೆಯಿರಿ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮೊದಲೇ ಹೇಳಿರಿ.

ಈಗ ದಿಕ್ಕುಗಳಿಗೆ ಊರುಗಳನ್ನು ಕಟ್ಟಿ. ಪೂರ್ವಕ್ಕೆ ದೇವರಾಯನದುರ್ಗ, ಪಶ್ಚಿಮಕ್ಕೆ ಗುಬ್ಬಿ, ದಕ್ಷಿಣಕ್ಕೆ ಕುಣಿಗಲ್, ಉತ್ತರಕ್ಕೆ ಮಧುಗಿರಿ. ಆಗ್ನೇಯಕ್ಕೆ ಬೆಂಗಳೂರು. ‘ಎಡಕ್ಕೆ ತಿರುಗು’ ಎನ್ನುವ ಬದಲು ‘ಗುಬ್ಬಿ ಕಡೆಗೆ ತಿರುಗು’ ಎಂದು ಮನೆಯಲ್ಲಿ ವಾರವಿಡೀ ಮಾತಾಡಿದರೆ ಸಾಕು, ದಿಕ್ಕು ಮೈಗೆ ಹತ್ತುತ್ತದೆ.

ಕೋಲನ್ನು ಕಿತ್ತು ಎಸೆಯಬೇಡಿ. ಅತಿ ಚಿಕ್ಕ ನೆರಳು ಹನ್ನೆರಡಕ್ಕೆ ಬೀಳುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ತುಮಕೂರು ಇರುವುದು ಸುಮಾರು 77.1ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೆ ನಮ್ಮ ನಡುಹಗಲು ಸರಾಸರಿ 12 ಗಂಟೆ 22 ನಿಮಿಷಕ್ಕೆ. ಆ ಹೊತ್ತಿಗೆ ಡಿಸೆಂಬರ್ 21ರ ಸುಮಾರಿನಲ್ಲಿ ಮೀಟರ್ ಕೋಲಿನ ನೆರಳು ಉತ್ತರಕ್ಕೆ 75 ಸೆಂ.ಮೀ. ಬೀಳುತ್ತದೆ. ಜೂನ್ 21ರಂದು ದಕ್ಷಿಣಕ್ಕೆ, ಬರೀ 18 ಸೆಂ.ಮೀ.! ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ನಡುವಿನಲ್ಲಿ ಒಂದು ದಿನ ನೆರಳು ಕೋಲಿನ ಬುಡಕ್ಕೇ ಸೇರಿಬಿಡುತ್ತದೆ. ‘ಉಷ್ಣವಲಯ’ ಎಂಬ ಪದವನ್ನು ಈ ಮೂರು ಅಳತೆಗಳಾದ ಮೇಲೆ ಹೇಳಿಕೊಡಿ. ಡಿಸೆಂಬರಿನಲ್ಲಿ ಮೋಡವಿಲ್ಲದ ದಿನ ಧಾರಾಳವಾಗಿ ಸಿಗುತ್ತದೆ. ಜೂನ್ ಅಳತೆಗೆ ಅದೃಷ್ಟವೂ ಬೇಕು.

ಹೆಜ್ಜೆಯ ನಕ್ಷೆ

ಇದು ಅರ್ಧ ದಿನದ ಕೆಲಸ. ಗಣಿತದ ಚೌಕುಳಿ ಪುಸ್ತಕ ಸಾಕು. ಒಂದು ಚೌಕಕ್ಕೆ ಐದು ಹೆಜ್ಜೆ. ಮನೆಯಿಂದ ಹಾಲಿನ ಅಂಗಡಿವರೆಗೆ ಮಗುವೇ ಎಣಿಸಿ ಎಳೆಯಲಿ, ಮೇಲ್ಗಡೆ ಉತ್ತರ ಬರಲಿ. ಚೆಂದ ಬರಬೇಕೆಂದು ನೀವು ಕೈ ಹಾಕಬೇಡಿ. ಅದೇ ನಕ್ಷೆಯನ್ನು ಚೌಕಕ್ಕೆ ಹತ್ತು ಹೆಜ್ಜೆಯಂತೆ ಮತ್ತೊಮ್ಮೆ ಬರೆಸಿದರೆ ‘ಪ್ರಮಾಣ’ ಎಂದರೇನೆಂದು ವಿವರಿಸುವ ಅಗತ್ಯವೇ ಬೀಳದು.

ನೀರು ಎತ್ತ ಹೋಗುತ್ತದೆ

ನನ್ನ ಮಟ್ಟಿಗೆ ಭೂಗೋಳದ ಜೀವ ಇರುವುದು ಇಲ್ಲಿ. ಮಳೆ ನಿಂತ ಕೂಡಲೇ ಮಗುವನ್ನು ಬೀದಿಗೆ ಕರೆದೊಯ್ದು ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಆ ಹೆಜ್ಜೆ ನಕ್ಷೆಯ ಮೇಲೆ ಬಾಣ ಹಾಕಿಸಿ. ಕಣ್ಣಿಗೆ ಸಮತಟ್ಟಾಗಿ ಕಾಣುವ ಬೀದಿಗೂ ಒಂದು ಇಳಿಜಾರಿದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಯಾವುದಾದರೂ ಕೆರೆಯ ಏರಿ ಮೇಲೆ ನಿಲ್ಲಿಸಿ ತೂಬು, ಕೋಡಿ ತೋರಿಸಿ. ಕೋಡಿ ಬಿದ್ದ ನೀರು ಮುಂದಿನ ಕೆರೆಗೆ ಹೋಗುತ್ತದೆ, ಅದರ ಕೋಡಿ ಇನ್ನೊಂದಕ್ಕೆ. ದೊಡ್ಡವರು ಜೊತೆಗಿರಬೇಕು, ನೀರಿಗೆ ಇಳಿಸಬಾರದು.

ಮುಂದಿನ ಪಾಠ ದೇವರಾಯನದುರ್ಗದಲ್ಲಿ. ತುಮಕೂರು ಸಮುದ್ರಮಟ್ಟದಿಂದ 820 ಮೀಟರಿನಷ್ಟು ಎತ್ತರದಲ್ಲಿದ್ದರೆ ಬೆಟ್ಟ ಸುಮಾರು 1,200 ಮೀಟರ್. ಎರಡು ನದಿಗಳು ಇಲ್ಲಿ ಬೆನ್ನು ಮಾಡಿಕೊಂಡು ಹೊರಡುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿ ನೆಲ್ಲೂರಿನ ಬಳಿ ಸಮುದ್ರ ಕಾಣುತ್ತದೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ, ಆಮೇಲೆ ಮಂಡ್ಯ ಜಿಲ್ಲೆ ದಾಟಿ ಕಾವೇರಿ ಸೇರುತ್ತದೆ. ಒಂದೇ ಮೋಡದ ಎರಡು ಹನಿ, ಒಂದು ಆಂಧ್ರದ ಕಡಲಿಗೆ, ಇನ್ನೊಂದು ತಮಿಳುನಾಡಿನ ಕಡಲಿಗೆ. ಬೆಟ್ಟಕ್ಕೆ ಹೋಗುವ ಮೊದಲು ಮನೆಯಲ್ಲೇ ಇದನ್ನು ಮಾಡಿ ನೋಡಬಹುದು: ಹಳೆ ಪೇಪರ್ ಮುದುರಿ ಉದ್ದನೆಯ ದಿಬ್ಬ ಮಾಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ನೆತ್ತಿಯ ಮೇಲೆ ನೀರು ಚಿಮುಕಿಸಿ. ಬೇರೆಯಾಗುವ ಗೆರೆಯೇ ಜಲವಿಭಾಜಕ.

ಕುಣಿಗಲ್ ಕಡೆ ಹೋದಾಗ ಮಾರ್ಕೋನಹಳ್ಳಿ ನೋಡಿ ಬನ್ನಿ. ನೀರು ಒಂದು ಮಟ್ಟ ಮುಟ್ಟಿದರೆ ಗೇಟು ಎತ್ತುವವರಿಲ್ಲದೆಯೂ ತಾನಾಗಿ ಹೊರಬಿಡುವ ಸೈಫನ್‌ಗಳು ಅಲ್ಲಿವೆ. ಮಕ್ಕಳು ಅದನ್ನು ಮರೆಯುವುದಿಲ್ಲ.

ಇನ್ನು ಅಡುಗೆಮನೆಯ ನಲ್ಲಿ. ತುಮಕೂರಿನ ಕುಡಿಯುವ ನೀರು ಹೇಮಾವತಿಯದು. ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಹಾಸನದ ಗೊರೂರಿನಲ್ಲಿ ನಿಂತು, ನಾಲೆ ಹಿಡಿದು ಬುಗುಡನಹಳ್ಳಿಗೆ ಬರುತ್ತದೆ. ಘಟ್ಟ ತಡೆದ ಮೋಡದ ಮಳೆ ಅದು. ಮಳೆ ನೆರಳಿನಲ್ಲಿರುವ ನಾವು ಅದನ್ನು ಕಾಲುವೆ ತೋಡಿ ತಂದುಕೊಂಡಿದ್ದೇವೆ. ಪಶ್ಚಿಮ ಘಟ್ಟದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಕಂಡಿಲ್ಲ.

ರೇಖೆ ದಾಟುವುದು

ಅಕ್ಷಾಂಶ, ರೇಖಾಂಶ ಮಕ್ಕಳಿಗೆ ಗೊಂದಲ ಹುಟ್ಟಿಸುವುದು ಅವು ಎಲ್ಲೂ ಕಾಣದಿರುವುದರಿಂದ. ಗುಬ್ಬಿಗೆ ರೈಲು ಹತ್ತಿಸಿ. ಮೊಬೈಲಿನಲ್ಲಿ ಸ್ಥಳ ತೋರಿಸುವ ಯಾವುದಾದರೂ ಆ್ಯಪ್ ತೆರೆದು ಮಗುವಿನ ಕೈಗೆ ಕೊಡಿ. ತುಮಕೂರಿನಲ್ಲಿ 77.10 ಇದ್ದ ಅಂಕಿ ಇಳಿಯುತ್ತಾ, ಗುಬ್ಬಿಗೆ ಇನ್ನೂ ಆರೇಳು ಕಿ.ಮೀ. ಇರುವಾಗ 77 ದಾಟಿ 76.99 ಆಗುತ್ತದೆ. ಕೂಗಿ ಹೇಳುವುದು ಮಗುವಿನ ಕೆಲಸ. ಗುಬ್ಬಿಯಲ್ಲಿ ನಡುಹಗಲು ತುಮಕೂರಿಗಿಂತ ಅರ್ಧ ನಿಮಿಷ ಚಿಲ್ಲರೆ ತಡ ಎಂಬುದನ್ನೂ ಈಗ ಲೆಕ್ಕ ಹಾಕಿಸಬಹುದು. ಅಕ್ಷಾಂಶಕ್ಕೆ ಕುಣಿಗಲ್ ರಸ್ತೆ ಹಿಡಿಯಿರಿ: 13.34ರಿಂದ ಇಳಿದು ಪಟ್ಟಣದಲ್ಲಿ 13.02ಕ್ಕೆ ಬರುತ್ತದೆ. 13 ಡಿಗ್ರಿ ಉತ್ತರ, 77 ಡಿಗ್ರಿ ಪೂರ್ವ ಎರಡೂ ಕೂಡುವ ಬಿಂದು ಕುಣಿಗಲ್ಲಿನ ನೈಋತ್ಯಕ್ಕೆ ಕೆಲವೇ ಕಿ.ಮೀ. ದೂರದಲ್ಲಿದೆ.

ಗ್ಲೋಬ್ ತೆಗೆಯುವ ಹೊತ್ತು ಇದು. 77ರ ಹತ್ತಿರವೇ ಬೆರಳಿಟ್ಟು ಉತ್ತರಕ್ಕೆ ಹೋದರೆ ದೆಹಲಿ. 13ರ ಆಸುಪಾಸಿನಲ್ಲಿ ಪೂರ್ವಕ್ಕೆ ಚೆನ್ನೈ, ಬ್ಯಾಂಕಾಕ್. ಪಶ್ಚಿಮಕ್ಕೆ ಮಂಗಳೂರು, ಅರಬ್ಬೀ ಸಮುದ್ರದಾಚೆ ಆಫ್ರಿಕಾ ದಾಟಿದರೆ ಗ್ಯಾಂಬಿಯಾದ ಬಾಂಜುಲ್. ಅಲ್ಲಿಯ ಮಗು ಕೋಲು ನೆಟ್ಟರೂ ಜೂನ್‌ನಲ್ಲಿ ನೆರಳು ದಕ್ಷಿಣಕ್ಕೇ ಬೀಳುತ್ತದೆ.

ದೊಡ್ಡ ಮಕ್ಕಳಿದ್ದರೆ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತರಿಸಿ. ಅದರಲ್ಲಿ ಒಂದು ಕಿ.ಮೀ. ಎಂದರೆ ಎರಡು ಸೆಂ.ಮೀ. ಹಳೆಯ ಸರಣಿಯ ಹಾಳೆಗಳು 77ರ ರೇಖೆಯಲ್ಲೇ ತುಂಡಾಗುವುದರಿಂದ ತುಮಕೂರು, ಕುಣಿಗಲ್ ಪಟ್ಟಣಗಳು 57ಜಿ ಗುಂಪಿನಲ್ಲಿ, ಗುಬ್ಬಿ 57ಸಿ ಗುಂಪಿನಲ್ಲಿ ಬರುತ್ತವೆ. ಎರಡೂ ಗುಂಪಿನ ಹಾಳೆ ತೆಗೆದುಕೊಂಡು ಅಂಚಿಗೆ ಅಂಚು ಅಂಟಿಸಬೇಕು.